ದೊಡ್ಡ ಕ್ಯಾಂಪರ್‌ನಲ್ಲೇ ಸಂಸಾರ ಮಾಡೋರು ಟ್ರಕ್ ಆರಿಸೋದು ಹೇಗೆ: ಡೋರ್ ಸ್ಟಿಕರ್‌ನಿಂದ ಹಿಡಿದು ತೂಕದ ಚೀಟಿವರೆಗೆ

ಅಮೆರಿಕದಲ್ಲಿ ಮನೆ ಖಾಲಿ ಮಾಡಿ ಕ್ಯಾಂಪರ್‌ಗೆ, ಅಂದ್ರೆ ಪಿಕಪ್ ಟ್ರಕ್ಕಿಗೆ ಸಿಕ್ಕಿಸಿ ಎಳ್ಕೊಂಡು ಹೋಗೋ ಚಕ್ರದ ಮನೆಗೆ, ಶಿಫ್ಟ್ ಆಗಿ ನಮಗೆ ಎರಡೂವರೆ ವರ್ಷ ಆಯ್ತು. ನಾನು, ಗಂಡ, ಇಬ್ರು ಮಕ್ಕಳು, ಆರು ತಿಂಗಳು ತೀರ್ಥಹಳ್ಳಿಯಿಂದ ಅಮ್ಮ. ಊರಲ್ಲಿ ಫೋನ್ ಮಾಡಿದೋರೆಲ್ಲ ಕೇಳೋದು "ಬಾತ್‌ರೂಮ್ ಇದ್ಯಾ", ಇಲ್ಲಿನ ಕನ್ನಡದೋರು ಕೇಳೋದು "ಯಾವ ಟ್ರಕ್ ತಗೊಂಡ್ರಿ". ಎರಡನೇದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಟ್ರೆ ಮೋಸ ಆಗುತ್ತೆ, ಯಾಕಂದ್ರೆ ನಮ್ಮ ಟ್ರಕ್ ನಿಮಗೆ ಆಗ್ಬೇಕು ಅಂತೇನಿಲ್ಲ. ನಿಮ್ಮ ಕ್ಯಾಂಪರ್ ಎಷ್ಟು ಭಾರ, ಮನೇಲಿ ಎಷ್ಟು ಜನ, ವರ್ಷಕ್ಕೆ ಎಷ್ಟು ಸಲ ಗಂಟುಮೂಟೆ ಕಟ್ತೀರಾ ಅನ್ನೋದ್ರ ಮೇಲೆ ನಿಂತಿರೋ ಲೆಕ್ಕ ಇದು. ಲೆಕ್ಕ ಮಾತ್ರ ಎಲ್ರಿಗೂ ಒಂದೇ, ಅದನ್ನೇ ಇಲ್ಲಿ ಬರೀತೀನಿ.

ನಮ್ಮ ಮೊದಲನೇ ಟ್ರಕ್ಕು ತಪ್ಪು ಟ್ರಕ್ಕು, ಇದನ್ನ ಮೊದ್ಲೇ ಹೇಳ್ಬಿಡ್ತೀನಿ. ಸೇಲ್ಸ್‌ನವನು "ಇದು 20,000 ಪೌಂಡ್ ಎಳಿಯುತ್ತೆ, ನಿಮ್ಮ ಕ್ಯಾಂಪರ್ 16,000, ಇನ್ನೇನು ಬೇಕು" ಅಂದ, ನಾವೂ ಹೂಂ ಅಂದ್ವಿ. ಅವನು ಹೇಳಿದ್ದು ಸುಳ್ಳಲ್ಲ. ಆದ್ರೆ ನಾವು ಕೇಳ್ಬೇಕಾಗಿದ್ದ ಪ್ರಶ್ನೆನೇ ಬೇರೆ. ನಾಲ್ಕೇ ತಿಂಗಳಲ್ಲಿ ಅದನ್ನ ನಷ್ಟಕ್ಕೆ ಕೊಟ್ಟು ಇನ್ನೊಂದು ತಗೊಂಡ್ವಿ.

(ತೂಕ ಎಲ್ಲಾ ಪೌಂಡ್‌ನಲ್ಲೇ ಹೇಳ್ತೀನಿ, ಇಲ್ಲಿ ಸ್ಟಿಕರು, ಕಾಟಾ ಎಲ್ಲಾ ಅದ್ರಲ್ಲೇ ಇರೋದು. ಕೆಜಿ ಬೇಕಂದ್ರೆ ಸುಮಾರಾಗಿ ಅರ್ಧ ಮಾಡಿ ಇನ್ನೂ ಒಂಚೂರು ಕಳೀರಿ.)

ಹೆಜ್ಜೆ 1: ಮೊದ್ಲು ಕ್ಯಾಂಪರ್, ಆಮೇಲೆ ಟ್ರಕ್

ಎಲ್ರೂ ಉಲ್ಟಾ ಮಾಡೋದು ಇಲ್ಲೇ. ಟ್ರಕ್ ತಗೊಂಡು ಮನೆ ಮುಂದೆ ನಿಲ್ಸಿ ಆಮೇಲೆ ಕ್ಯಾಂಪರ್ ನೋಡೋಕೆ ಹೋಗ್ತಾರೆ, ಹೋದಮೇಲೆ ಹೆಂಡತಿ ಮಕ್ಕಳಿಗೆ ಹಿಡಿಸೋದು ಟ್ರಕ್ಕಿಗೆ ಆಗ್ದೇ ಇರೋ ಕ್ಯಾಂಪರ್ರೇ. ಮನೆ ಯಾವ್ದು ಅಂತ ಮೊದ್ಲು ಗಟ್ಟಿ ಮಾಡ್ಕೊಳಿ. ಇನ್ನೂ ಕೊಂಡಿಲ್ದೇ ಇದ್ರೂ ಪರ್ವಾಗಿಲ್ಲ, ಇಂಥ ಸೈಜು, ಇಷ್ಟು ತೂಕ ಅನ್ನೋದು ಗೊತ್ತಿರ್ಲಿ.

ಕುಟುಂಬಕ್ಕೆ ಅಂತ ಬರೋ ದೊಡ್ಡ ಕ್ಯಾಂಪರ್‌ಗಳಲ್ಲಿ ಎರಡು ಜಾತಿ. ಹಿಂದಿನ ಬಂಪರ್ ಕೆಳಗಿರೋ ಬಾಲ್‌ಗೆ ಸಿಕ್ಕಿಸೋದು ಟ್ರಾವೆಲ್ ಟ್ರೈಲರ್. ಟ್ರಕ್ಕಿನ ಹಿಂದೆ ಸಾಮಾನು ತುಂಬೋ ತೆರೆದ ಡಬ್ಬದ ಒಳಗೇ ಮೂಗು ಊರಿ ಕೂರೋದು ಫಿಫ್ತ್ ವೀಲ್. ಮಕ್ಕಳಿಗೆ ಬೇರೆ ರೂಮಿರೋ ಬಂಕ್‌ಹೌಸ್ ಬೇಕು, ವರ್ಷಪೂರ್ತಿ ಇರ್ಬೇಕು ಅಂತ ಹುಡುಕ್ತಾ ಹೋದ್ರೆ ಬಹಳ ಜನ ಕೊನೆಗೆ ನಿಲ್ಲೋದು ಫಿಫ್ತ್ ವೀಲ್ ಹತ್ರಾನೇ, ನಾವೂ ಅಷ್ಟೇ. ಅದಕ್ಕೇ ಇಲ್ಲಿ ಜಾಸ್ತಿ ಅದ್ರ ಮಾತೇ ಬರುತ್ತೆ.

ಕ್ಯಾಂಪರ್ ಪಕ್ಕೆಗೆ ಒಂದು ಸ್ಟಿಕರ್ ಅಂಟಿಸಿರ್ತಾರೆ, ಅದ್ರಲ್ಲಿ ಜಿವಿಡಬ್ಲ್ಯುಆರ್ ಅಂತ ಒಂದು ನಂಬರ್ ಇರುತ್ತೆ, ಅಂದ್ರೆ ಸಾಮಾನು ತುಂಬ್ಕೊಂಡು ಆ ಗಾಡಿ ಇರಬಹುದಾದ ಗರಿಷ್ಠ ತೂಕ. ನಿಮಗೆ ಬೇಕಾಗಿರೋದು ಅದೊಂದೇ. ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿ ಹಾಕಿರೋ "ಡ್ರೈ ವೇಟ್" ಮರ್ತ್ಬಿಡಿ. ಡ್ರೈ ವೇಟ್ ಅಂದ್ರೆ ಒಳಗೆ ನೀರಿಲ್ಲ, ಪಾತ್ರೆ ಇಲ್ಲ, ಹಾಸಿಗೆ ಮೇಲೆ ಹೊದಿಕೆನೂ ಇಲ್ಲ ಅಂತ. ಅಂಥ ಮನೇಲಿ ಯಾರು ಸಂಸಾರ ಮಾಡ್ತಾರೆ? 60 ಗ್ಯಾಲನ್ ನೀರಿನ ಟ್ಯಾಂಕ್ ತುಂಬಿಸಿದ್ರೆ ಅದೊಂದೇ 500 ಪೌಂಡ್. ನಮ್ಮದ್ರಲ್ಲಿ ಅದ್ರ ಮೇಲೆ ಮಕ್ಕಳ ಪುಸ್ತಕ, ಎರಡು ಕುಕ್ಕರ್, ಅಮ್ಮ ಹಟ ಹಿಡಿದು ಹತ್ತಿಸಿದ ವೆಟ್ ಗ್ರೈಂಡರ್, ಇಂಡಿಯನ್ ಸ್ಟೋರ್ ಸಿಗೋ ಊರಲ್ಲೆಲ್ಲ ಭಯಕ್ಕೆ ಬಿದ್ದು ತುಂಬ್ಕೊಳ್ಳೋ 20 ಪೌಂಡ್ ಸೋನಾ ಮಸೂರಿ ಚೀಲಗಳು. ಬ್ರೋಷರ್‌ನಲ್ಲಿ 13,100 ಅಂತಿದ್ದದ್ದು ಕಾಟಾ ಮೇಲೆ 15,200 ಬಂತು. ವೀಕೆಂಡ್‌ಗೆ ಹೋಗೋರು ಕಮ್ಮಿ ಸಾಮಾನಲ್ಲಿ ಮುಗಿಸ್ಬಹುದು, ಅಲ್ಲೇ ಇರೋರು ಇವತ್ತಲ್ಲ ನಾಳೆ ಜಿವಿಡಬ್ಲ್ಯುಆರ್ ಹತ್ರ ಬಂದೇ ಬರ್ತಾರೆ.

ಹೆಜ್ಜೆ 2: ಟ್ರಕ್ಕಿನ ಬೆನ್ನ ಮೇಲೆ ಎಷ್ಟು ಕೂರುತ್ತೆ

ಇದನ್ನ ಅರ್ಥ ಮಾಡ್ಕೊಂಡ್ರೆ ಮುಕ್ಕಾಲು ಕೆಲ್ಸ ಮುಗೀತು. ನನಗೆ ಅರ್ಥ ಆಗಿದ್ದು ಅಜ್ಜನ ಎತ್ತಿನಗಾಡಿ ನೆನಪಾದಾಗ. ಗಾಡಿಗೆ ಗೊಬ್ಬರ ತುಂಬೋವಾಗ ಭಾರ ಎಲ್ಲಾ ಹಿಂದೆ ಹಾಕಿದ್ರೆ ನೊಗ ಮೇಲೇಳುತ್ತೆ, ಎಲ್ಲಾ ಮುಂದೆ ಹಾಕಿದ್ರೆ ಎತ್ತಿನ ಹೆಗಲು ಕುಸಿಯುತ್ತೆ, ಅದಕ್ಕೆ ಅಜ್ಜ ನೊಗ ಕೈಯಲ್ಲಿ ಎತ್ತಿ ನೋಡಿ ಆಮೇಲೆ ಎತ್ತು ಕಟ್ತಿದ್ರು. ಎತ್ತು ಎಳೆಯೋ ಭಾರ ಬೇರೆ, ಹೆಗಲ ಮೇಲೆ ಹೊರೋ ಭಾರ ಬೇರೆ. ಟ್ರಕ್ಕಿಗೂ ಹಾಗೇ. ಎಳೆಯೋ ಶಕ್ತಿ ಟೋ ರೇಟಿಂಗ್, ಹೊರೋ ಶಕ್ತಿ ಪೇಲೋಡ್. ಈಗಿನ ಟ್ರಕ್ಕುಗಳಲ್ಲಿ ಎಳೆಯೋ ಶಕ್ತಿಗೆ ಬರ ಇಲ್ಲ, ಮುಗಿದುಹೋಗೋದು ಯಾವಾಗ್ಲೂ ಹೊರೋ ಶಕ್ತಿನೇ.

ಟ್ರಾವೆಲ್ ಟ್ರೈಲರ್ ತನ್ನ ತೂಕದಲ್ಲಿ 10ರಿಂದ 15 ಪರ್ಸೆಂಟ್ ಟ್ರಕ್ಕಿನ ಮೇಲೆ ಹಾಕುತ್ತೆ. ಅದಕ್ಕಿಂತ ಕಮ್ಮಿ ಆದ್ರೆ ಹೈವೇಲಿ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ, ಅದು ನಿಜವಾಗ್ಲೂ ಪ್ರಾಣಕ್ಕೆ ಅಪಾಯ. ಫಿಫ್ತ್ ವೀಲ್ ಹಾಕೋದು 20ರಿಂದ 25 ಪರ್ಸೆಂಟ್, ಇದಕ್ಕೆ ಪಿನ್ ವೇಟ್ ಅಂತಾರೆ. ಬ್ರೋಷರ್‌ನಲ್ಲಿ ಇದನ್ನೂ ಖಾಲಿ ಗಾಡಿ ಲೆಕ್ಕದಲ್ಲೇ ಬರ್ದಿರ್ತಾರೆ. ನಮ್ಮದಕ್ಕೆ 2,450 ಅಂತಿತ್ತು, ಸಂಸಾರ ತುಂಬಿದ್ಮೇಲೆ 3,350 ಆಯ್ತು. ಯಾಕಂದ್ರೆ ಬೆಡ್‌ರೂಮ್, ಬಟ್ಟೆ ಬೀರು, ಬ್ಯಾಟರಿ, ಹೊರಗಿನ ದೊಡ್ಡ ಸ್ಟೋರೇಜು ಎಲ್ಲಾ ಮೂಗಿನ ಕಡೆನೇ ಇರೋದು.

ಹಾಗಾಗಿ ಲೆಕ್ಕ ಹೀಗೆ ಹಾಕಿ. ಕ್ಯಾಂಪರ್ ಜಿವಿಡಬ್ಲ್ಯುಆರ್‌ನ ಕಾಲು ಭಾಗ, ನಮ್ಮದು 16,000, ಕಾಲು ಭಾಗ 4,000. ಅದಕ್ಕೆ ಟ್ರಕ್ಕಲ್ಲಿ ಕೂರೋರ ತೂಕ ಸೇರ್ಸಿ, ನಾವು ಐದು ಜನ 570. ಕ್ಯಾಂಪರನ್ನ ಟ್ರಕ್ಕಿಗೆ ಸಿಕ್ಕಿಸೋ ಕೊಂಡಿ, ಅಂದ್ರೆ ಹಿಚ್, ಕಬ್ಬಿಣದ್ದು, ಅದೇ 200. ಟೂಲ್ಸು, ಸಣ್ಣ ಜನರೇಟರ್, ಮಕ್ಕಳ ಸೈಕಲ್ಲು ಅಂತ 150. ಒಟ್ಟು 4,920. ಇದು ನಿಮಗೆ ಬೇಕಾಗಿರೋ ಪೇಲೋಡ್. ಈ ನಂಬರ್ ಒಂದು ಚೀಟಿಲಿ ಬರ್ದು ಪರ್ಸಲ್ಲಿ ಇಟ್ಕೊಂಡೇ ಶೋರೂಮ್‌ಗೆ ಹೋಗಿ.

ಹೆಜ್ಜೆ 3: ಡೋರ್ ತೆಗೆದು ಸ್ಟಿಕರ್ ಓದಿ

ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಹಳದಿ ಬಿಳಿ ಬಣ್ಣದ ಟೈರ್ ಸ್ಟಿಕರ್ ಇರುತ್ತೆ, ಅದ್ರಲ್ಲಿ ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರ್ದು ಅಂತ ಬರ್ದಿರುತ್ತೆ. 10,000 ಪೌಂಡ್ ಜಿವಿಡಬ್ಲ್ಯುಆರ್ ದಾಟಿದ ದೊಡ್ಡ ಟ್ರಕ್ಕಲ್ಲಿ ಈ ಹಳದಿ ಸ್ಟಿಕರ್ ಇಲ್ದೇ ಇರಬಹುದು, ಆಗ ಟ್ರಕ್ಕಿನ ಜಿವಿಡಬ್ಲ್ಯುಆರ್‌ನಲ್ಲಿ ಫುಲ್ ಟ್ಯಾಂಕ್ ಇಂಧನ ಹಾಕಿದ ಖಾಲಿ ಟ್ರಕ್ಕಿನ ತೂಕ ಕಳೀರಿ, ಉಳಿದದ್ದೇ ಪೇಲೋಡ್.

ಆ ನಂಬರ್ ಆ ಒಂದು ಟ್ರಕ್ಕಿಗೆ ಮಾತ್ರ. ಪಕ್ಕದಲ್ಲಿ ಅದೇ ಬಣ್ಣದ, ಅದೇ ಮಾಡೆಲ್ ನಿಂತಿದ್ರೂ ಅದ್ರದ್ದು ಬೇರೆ. ಲೆದರ್ ಸೀಟು, ದೊಡ್ಡ ಸನ್‌ರೂಫು, ತಾನೇ ಹೊರಗೆ ಬರೋ ಮೆಟ್ಟಿಲು, ಫೋರ್ ವೀಲ್ ಡ್ರೈವ್, ಡೀಸೆಲ್ ಎಂಜಿನ್, ಇವೆಲ್ಲ ಟ್ರಕ್ಕಿನ ಸ್ವಂತ ತೂಕ, ಅಂದ್ರೆ ನಿಮ್ಮ ಪಾಲಿನದ್ರಲ್ಲೇ ಕಡಿತ. ಕೆಲ್ಸದೋರು ತಗೊಳ್ಳೋ ಬೋಳು ಟ್ರಕ್ಕು ಹೊರೋವಷ್ಟು ಮೇಲಿನ ಟ್ರಿಮ್ಮು, ಅಂದ್ರೆ ಸೌಕರ್ಯ ಜಾಸ್ತಿ ಇರೋ ದುಬಾರಿ ಮಾಡೆಲ್ಲು, ಹೊರಲ್ಲ, ದುಡ್ಡು ಮಾತ್ರ ಹತ್ತಾರು ಸಾವಿರ ಡಾಲರ್ ಜಾಸ್ತಿ.

ಟಿವಿ ಜಾಹೀರಾತಿನ ಟೋ ರೇಟಿಂಗ್ ಕೂಡ ಪೂರ್ತಿ ಬೊಗಳೆ ಅಲ್ಲ. ಎಸ್‌ಎಇ ಜೆ2807 ಅಂತ ಒಂದು ಸ್ಟ್ಯಾಂಡರ್ಡ್ ಇದೆ, ಅರಿಜೋನಾದ ಡೇವಿಸ್ ಡ್ಯಾಮ್ ಹತ್ರದ ಸುಮಾರು 11 ಮೈಲಿ ಏರನ್ನ ಬಿಸಿಲಲ್ಲಿ ಎಸಿ ಹಾಕ್ಕೊಂಡು ಹತ್ತೋದು ಅದ್ರ ಒಂದು ಪರೀಕ್ಷೆ, ಹಿಂದೆ ಎರಡೆರಡು ಚಕ್ರ ಇರೋ ಟ್ರಕ್ಕು ಗಂಟೆಗೆ 35 ಮೈಲಿಗಿಂತ, ಒಂದೊಂದೇ ಚಕ್ರದ್ದು 40ಕ್ಕಿಂತ ಕೆಳಗೆ ಬೀಳಬಾರ್ದು. ಗಟ್ಟಿ ಪರೀಕ್ಷೆನೇ. ಆದ್ರೆ ಅದ್ರಲ್ಲಿ ಕೂರೋದು ಡ್ರೈವರ್ ಜೊತೆ ಒಬ್ರು, ತಲಾ 150 ಪೌಂಡ್. ಅಮ್ಮ, ಮಕ್ಕಳು, ಸೈಕಲ್ಲು ಯಾವ್ದೂ ಇಲ್ಲ. ಮತ್ತೆ ಜಾಹೀರಾತಲ್ಲಿ ಹಾಕೋದು ಆ ಮಾಡೆಲ್‌ನಲ್ಲಿ ಅತಿ ಜಾಸ್ತಿ ಎಳೆಯೋ ಒಂದು ಕಾನ್ಫಿಗರೇಶನ್ ನಂಬರ್, ನೀವು ಕೊಳ್ಳೋ ಫ್ಯಾಮಿಲಿ ಟ್ರಕ್ಕಿಂದಲ್ಲ.

ನಮ್ಮ ಮೊದಲನೇ ಟ್ರಕ್ಕಿನ ಬಾಗಿಲಲ್ಲಿ 2,140 ಅಂತಿತ್ತು. ಜನ, ಹಿಚ್, ಸಾಮಾನು 920 ಕಳೆದ್ರೆ ಉಳಿಯೋದು 1,220, ಅದ್ರ ಮೇಲೆ ಕೂರಿಸಿದ್ದು 3,350. ಮೊದಲನೇ ಸಲ ಸಿಕ್ಕಿಸ್ದಾಗ ಟ್ರಕ್ಕಿನ ಹಿಂಭಾಗ ಒಂದು ಗೇಣು ಕೂತ್ಕೊಂಡ್ತು, ರಾತ್ರಿ ಎದುರಿಗೆ ಬರೋರೆಲ್ಲ ನಮ್ಗೆ ಲೈಟ್ ಹೊಡೀತಿದ್ರು, ನಾವು ಹೈಬೀಮ್ ಹಾಕಿದೀವಿ ಅಂತ ಅವ್ರು ತಿಳ್ಕೊಂಡಿದ್ದು, ನಮ್ಮ ಲೋಬೀಮೇ ಮರದ ತುದಿ ನೋಡ್ತಿತ್ತು. ಸ್ಟೀರಿಂಗ್ ಹಗುರ, ಮುಂದಿನ ಚಕ್ರ ರೋಡಿಗೆ ಮುಟ್ಟಿದ್ಯೋ ಇಲ್ವೋ ಅನ್ನೋ ಹಾಗೆ. ಗಂಡ "ಏರ್‌ಬ್ಯಾಗ್ ಹಾಕ್ಸೋಣ, ಸರಿ ಹೋಗುತ್ತೆ" ಅಂದ್ರು. ಹಿಂದಿನ ಸ್ಪ್ರಿಂಗ್ ಜೊತೆ ಹಾಕೋ ಏರ್‌ಬ್ಯಾಗ್ ಟ್ರಕ್ಕನ್ನ ಮಟ್ಟಸ ಮಾಡುತ್ತೆ ನಿಜ, ಆದ್ರೆ ಸ್ಟಿಕರ್ ನಂಬರ್ ಒಂದು ಪೌಂಡೂ ಏರಲ್ಲ, ಆಕ್ಸಲ್ಲು, ಟೈರು, ಬ್ರೇಕು ಎಲ್ಲಾ ಅವೇ ತಾನೇ.

ಹೆಜ್ಜೆ 4: ಯಾವ ಕ್ಲಾಸಿನ ಟ್ರಕ್

ಹಾಫ್ ಟನ್, ಮುಕ್ಕಾಲು ಟನ್, ಒಂದು ಟನ್ ಅನ್ನೋದೆಲ್ಲ ಹಳೇ ಕಾಲದ ಹೆಸರು, ಹೊರೋ ತೂಕಕ್ಕೂ ಇದಕ್ಕೂ ಈಗ ಸಂಬಂಧ ಇಲ್ಲ.

ಎಫ್-150, ಸಿಲ್ವೆರಾಡೋ 1500, ರ‍್ಯಾಮ್ 1500 ಇವೆಲ್ಲ ಹಾಫ್ ಟನ್. ಫ್ಯಾಮಿಲಿ ಟ್ರಿಮ್‌ಗಳಲ್ಲಿ ಪೇಲೋಡ್ ಸಾಮಾನ್ಯವಾಗಿ 1,500ರಿಂದ 2,000 ಆಸುಪಾಸು. ಸಣ್ಣ ಟ್ರಾವೆಲ್ ಟ್ರೈಲರ್‌ಗೆ ಚೆನ್ನಾಗಿದೆ, ದೊಡ್ಡ ಕ್ಯಾಂಪರ್‌ನಲ್ಲೇ ಇರೋರು ಇದನ್ನ ನೋಡೋದೇ ಬೇಡ.

ಎಫ್-250, 2500ಗಳು ಮುಕ್ಕಾಲು ಟನ್. ಬಹಳ ಜನ ಬೀಳೋ ಹೊಂಡ ಇದೇ, ನಾವು ಬಿದ್ದಿದ್ದೂ ಈ ಕ್ಲಾಸಲ್ಲೇ. ನೋಡೋಕೆ ಒಂದು ಟನ್ ಥರಾನೇ ಇರುತ್ತೆ, ಅದೇ ಎಂಜಿನ್, ಅದೇ ಗತ್ತು. ಆದ್ರೆ ಇವುಗಳಲ್ಲಿ ಎಷ್ಟೋ ಟ್ರಕ್ಕಿನ ಜಿವಿಡಬ್ಲ್ಯುಆರ್‌ನ 10,000 ಪೌಂಡಿಗೆ ನಿಲ್ಲಿಸಿರ್ತಾರೆ, ಅಲ್ಲಿಂದ ಮೇಲೆ ಟ್ರಕ್ಕಿನ ವರ್ಗನೇ ಬದಲಾಗುತ್ತೆ ಅನ್ನೋ ಕಾರಣಕ್ಕೆ. ಆ ಮಿತಿ ಒಳಗೇ ಭಾರದ ಡೀಸೆಲ್ ಎಂಜಿನ್ನೂ ಬರ್ಬೇಕು, ಹಾಗಾಗಿ ಪೇಲೋಡ್ 2,000 ಚಿಲ್ರೆಗೆ ಇಳಿಯುತ್ತೆ. ತಮಾಷೆ ಅಂದ್ರೆ ಅದೇ ಟ್ರಕ್ಕು ಗ್ಯಾಸ್ (ಪೆಟ್ರೋಲ್) ಎಂಜಿನ್‌ನಲ್ಲಿ ತಗೊಂಡ್ರೆ ಜಾಸ್ತಿ ಹೊರುತ್ತೆ. ದೊಡ್ಡ ಟ್ರಾವೆಲ್ ಟ್ರೈಲರ್ ಇರೋರಿಗೆ ಮುಕ್ಕಾಲು ಟನ್ ಗ್ಯಾಸ್ ಟ್ರಕ್ ಒಳ್ಳೇ ಆಯ್ಕೆ, ಇದನ್ನ ಯಾರೂ ಹೇಳಲ್ಲ.

ಎಫ್-350, 3500ಗಳು ಒಂದು ಟನ್. ಇದ್ರಲ್ಲಿ ಎರಡು. ಹಿಂದೆ ಆಚೆಗೊಂದು ಈಚೆಗೊಂದು ಟೈರ್ ಇರೋದಕ್ಕೆ ಸುಮಾರು 3,500ರಿಂದ 4,300ವರೆಗೆ ಪೇಲೋಡ್ ಬರುತ್ತೆ. ಎರಡೆರಡು ಟೈರ್ ಇರೋ ಡ್ಯುವಲಿಗೆ 5,000 ದಾಟುತ್ತೆ. ನಮ್ಮ ಚೀಟಿಲಿದ್ದದ್ದು 4,920, ಹಾಗಾಗಿ ಡ್ಯುವಲಿ ಬಿಟ್ಟು ದಾರಿ ಇರ್ಲಿಲ್ಲ. ನನ್ನ ಅಂದಾಜು ಕೇಳಿದ್ರೆ 13,000 ಜಿವಿಡಬ್ಲ್ಯುಆರ್ ಒಳಗಿನ ಫಿಫ್ತ್ ವೀಲ್‌ಗೆ ಸಿಂಗಲ್ ಟೈರ್ ಒಂದು ಟನ್ ಸಾಕು, ಅದಕ್ಕಿಂತ ಮೇಲೆ ಹೋದ್ರೆ ಹಟ ಮಾಡ್ದೇ ಡ್ಯುವಲಿ ತಗೊಳಿ.

ಡ್ಯುವಲಿ ಜೊತೆ ಬದುಕೋದು ಹೇಗೆ ಅಂತ ಎಲ್ರಿಗೂ ಭಯ. ಅಗಲ ಸುಮಾರು ಎಂಟು ಅಡಿ, ಉದ್ದ 22 ಅಡಿ, ಕಾಸ್ಟ್‌ಕೋ ಅಂಗಡಿಗೆ ಹೋದ್ರೆ ಪಾರ್ಕಿಂಗ್‌ನ ಕಟ್ಟಕಡೆ ಮೂಲೆಗೆ ನಿಲ್ಸಿ ನಡೀಬೇಕು, ಡ್ರೈವ್ ಥ್ರೂ ಕಾಫಿ ಆಸೆ ಬಿಡಬೇಕು, ಟೈರ್ ಬದಲಾಯ್ಸೋದು ಅಂದ್ರೆ ಆರು ಟೈರ್ ದುಡ್ಡು. ಮೊದಲನೇ ತಿಂಗಳು ನಾನು ಅತ್ತಿದ್ದೂ ಉಂಟು. ಆದ್ರೆ ಕ್ಯಾನ್ಸಸ್‌ನಲ್ಲಿ ಅಡ್ಡಗಾಳಿ ಹೊಡೀತಿರೋವಾಗ ಪಕ್ಕದಲ್ಲಿ ಸೆಮಿ ಟ್ರಕ್ಕು ಭುಸ್ ಅಂತ ದಾಟಿ ಹೋದ್ರೂ ಗಾಡಿ ನೆಟ್ಟಗೆ ಹೋಗ್ತಾ ಇರುತ್ತೆ, ಹಳೇ ಟ್ರಕ್ಕಲ್ಲಿ ಅದೇ ಜಾಗದಲ್ಲಿ ಸ್ಟೀರಿಂಗ್ ಹಿಡಿದ ಕೈ ಬೆವೆತಿತ್ತು.

ಹೆಜ್ಜೆ 5: ಡೀಸೆಲ್ಲೋ ಗ್ಯಾಸೋ

ಇಲ್ಲಿ ಗ್ಯಾಸ್ ಅಂದ್ರೆ ಪೆಟ್ರೋಲ್. ಹೊಸ ಟ್ರಕ್ಕಲ್ಲಿ ಡೀಸೆಲ್ ಬೇಕಂದ್ರೆ ಸುಮಾರು 10,000 ಡಾಲರ್ ಜಾಸ್ತಿ ಕೊಡ್ಬೇಕು. ಫೋರ್ಡ್‌ದು 6.7 ಪವರ್‌ಸ್ಟ್ರೋಕ್, ರ‍್ಯಾಮ್‌ದು 6.7 ಕಮಿನ್ಸ್, ಜಿಎಂದು 6.6 ಡ್ಯುರಾಮ್ಯಾಕ್ಸ್, ಮೂರೂ ಈ ಕೆಲ್ಸಕ್ಕೆ ಬೇಕಾದಷ್ಟಾಯ್ತು, ಯಾವ್ದು ಮೇಲು ಅಂತ ಗಂಡಸರು ರಾತ್ರಿಯಿಡೀ ಜಗಳ ಆಡಬಹುದು, ನಾನು ಅದಕ್ಕೆ ಹೋಗಲ್ಲ.

ಡೀಸೆಲ್ ಯಾಕೆ ಅಂತ ನನಗೆ ಗೊತ್ತಾಗಿದ್ದು ಹತ್ತೋವಾಗ ಅಲ್ಲ, ಇಳಿಯೋವಾಗ. ಆಗುಂಬೆ ಘಾಟಿ ಇಳಿಯೋವಾಗ ಬಸ್ ಡ್ರೈವರ್ ಬ್ರೇಕ್ ತುಳ್ಕೊಂಡೇ ಹೋಗಲ್ಲ, ಗೇರ್ ಇಳ್ಸಿ ಎಂಜಿನ್ ಮೇಲೆ ಗಾಡಿ ಹಿಡೀತಾನೆ, ಹದಿನಾಲ್ಕು ತಿರುವೂ ಹಾಗೇ. ಡೀಸೆಲ್ ಟ್ರಕ್ಕಲ್ಲಿ ಎಕ್ಸಾಸ್ಟ್ ಬ್ರೇಕ್ ಅಂತ ಒಂದು ಬಟನ್ ಇರುತ್ತೆ, ಅದು ಈ ಕೆಲ್ಸಾನ ತಾನೇ ಮಾಡುತ್ತೆ, ಟರ್ಬೋ ಕಡೆಯಿಂದ ಹೊಗೆಯ ದಾರಿ ಬಿಗಿ ಮಾಡಿ ಎಂಜಿನ್ನನ್ನೇ ಬ್ರೇಕ್ ಮಾಡ್ಕೊಳುತ್ತೆ. ಕೊಲರಾಡೋದ ಐ-70ಯಲ್ಲಿ ಐಸನ್‌ಹೋವರ್ ಸುರಂಗ 11,000 ಅಡಿ ಮೇಲಿದೆ, ಅಲ್ಲಿಂದ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಕಡೆ 7 ಪರ್ಸೆಂಟ್ ಇಳಿಜಾರು, ಬ್ರೇಕ್ ಸುಟ್ಟೋದ ಲಾರಿ ನುಗ್ಗೋಕೆ ಅಂತ ಪಕ್ಕದಲ್ಲಿ ಜಲ್ಲಿ ತುಂಬಿದ ರ‍್ಯಾಂಪ್ ಮಾಡಿಟ್ಟಿದಾರೆ. ಆ ಇಳಿಜಾರು ಇಳಿಯೋವಾಗ ನಾನು ಬ್ರೇಕ್ ಮುಟ್ಟಿದ್ದು ಮೂರೋ ನಾಲ್ಕೋ ಸಲ. ಹಿಂದೆ ಅಮ್ಮ "ರಾಮ ರಾಮ" ಅಂತಿದ್ದೋರು ಅರ್ಧದಲ್ಲೇ ನಿದ್ದೆ ಹೋದ್ರು.

ಇನ್ನೊಂದು ಎತ್ತರದ ವಿಷ್ಯ. ಟರ್ಬೋ ಇಲ್ಲದ ಗ್ಯಾಸ್ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಳ್ಕೊಳುತ್ತೆ, ಆ ಸುರಂಗದ ಹತ್ರ ಬರೋಷ್ಟ್ರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹೋಗಿರುತ್ತೆ. ಫೋರ್ಡ್‌ನ 7.3 ಲೀಟರ್ ಗ್ಯಾಸ್ ಎಂಜಿನ್ ದೊಡ್ಡದೇ, ಎಳಿಯುತ್ತೆ, ಆದ್ರೆ 4,000 ಆರ್‌ಪಿಎಂನಲ್ಲಿ ಕಿರುಚ್ತಾ ಎಳಿಯುತ್ತೆ.

ಹಾಗಂತ ಎಲ್ರೂ ಡೀಸೆಲ್ಲೇ ತಗೊಳಿ ಅನ್ನಲ್ಲ. ಡೀಸೆಲ್‌ಗೆ ಹೊಗೆ ಶುದ್ಧ ಮಾಡೋ ಡಿಇಎಫ್ ದ್ರವ ಬೇರೆ ಹಾಕ್ತಾ ಇರ್ಬೇಕು, ಫ್ಯುಯಲ್ ಫಿಲ್ಟರ್ ಬದಲಾಯ್ಸಬೇಕು, ಹೊಗೆ ಫಿಲ್ಟರ್ ಆಗಾಗ ತನ್ನ ಮಸಿ ತಾನೇ ಸುಟ್ಕೊಳುತ್ತೆ, ಬರೀ ಶಾಲೆಗೆ ಬಿಡೋಕೆ ತರೋಕೆ ಅಂತ ಎರಡೆರಡು ಮೈಲಿ ಓಡಿಸ್ತಾ ಇದ್ರೆ ಅದು ಸರಿಯಾಗಿ ಆಗ್ದೇ ತೊಂದ್ರೆ ಕೊಡುತ್ತೆ. ಟೆಕ್ಸಸ್, ಫ್ಲೋರಿಡಾ ಥರ ಚಪ್ಪಟೆ ಊರಲ್ಲಿ ಆರು ತಿಂಗಳು ಒಂದೇ ಕಡೆ ಇದ್ದು, ವರ್ಷಕ್ಕೆ ಎರಡು ಸಲ ಮಾತ್ರ ಜಾಗ ಬದಲಾಯ್ಸೋರಿಗೆ ಒಂದು ಟನ್ ಗ್ಯಾಸ್ ಟ್ರಕ್ ಸಾಕು, ಉಳಿದ 10,000 ಡಾಲರ್‌ಗೆ ಎರಡು ಸಲ ಊರಿಗೆ ಹೋಗಿ ಬನ್ನಿ. ನಮ್ಮ ಥರ ಎರಡು ವಾರಕ್ಕೊಂದು ಊರು, ಅದೂ ಬೆಟ್ಟದ ಕಡೆ ಅನ್ನೋರು ಡೀಸೆಲ್ ತಗೊಳಿ. ಮೈಲೇಜ್ ಎಷ್ಟು ಅಂತ ಕೇಳ್ಬೇಡಿ, ಎಳ್ಕೊಂಡು ಹೋಗೋವಾಗ ಗ್ಯಾಲನ್‌ಗೆ 10 ಮೈಲಿ ಬಂದ ದಿನ ಮನೇಲಿ ಪಾಯಸ.

ಆಕ್ಸಲ್ ರೇಶಿಯೋ, ಅಂದ್ರೆ ಆಕ್ಸಲ್ಲಿನ ಗೇರ್ ಅನುಪಾತದ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, 10 ಸ್ಪೀಡ್ ಗೇರ್‌ಬಾಕ್ಸ್ ಬಂದ್ಮೇಲೆ ಅದ್ರ ಮಹತ್ವ ಕಮ್ಮಿ ಆಗಿದೆ. ಎರಡು ಟ್ರಕ್ಕು ಉಳಿದೆಲ್ಲದ್ರಲ್ಲೂ ಸಮ ಇದ್ರೆ ದೊಡ್ಡ ನಂಬರ್ ಇರೋದು ತಗೊಳಿ, ಮುಗೀತು.

ಹೆಜ್ಜೆ 6: ಡಬ್ಬ, ಹಿಚ್ಚು, ಎತ್ತರ

ಫಿಫ್ತ್ ವೀಲ್‌ಗೆ ಎಂಟು ಅಡಿ ಡಬ್ಬನೇ ತಗೊಳಿ. ಆರೂವರೆ ಅಡಿ ಆಸುಪಾಸಿನ ಸಣ್ಣ ಡಬ್ಬದಲ್ಲಿ ಜೋರಾಗಿ ತಿರುಗಿಸ್ದಾಗ ಕ್ಯಾಂಪರ್ ಮೂಗು ಬಂದು ಕ್ಯಾಬಿನ್ ಹಿಂದಿನ ಗ್ಲಾಸಿಗೆ ಮುತ್ತಿಡುತ್ತೆ, ಅದನ್ನ ತಪ್ಪಿಸೋಕೆ ಹಿಂದಕ್ಕೆ ಸರಿಯೋ ಸ್ಲೈಡಿಂಗ್ ಹಿಚ್ ಸಿಗುತ್ತೆ, ಅದು ಇನ್ನೂ ಭಾರ, ಇನ್ನೂ ದುಬಾರಿ, ಮರೆಯೋಕೆ ಇನ್ನೊಂದು ವಿಷ್ಯ.

ಟ್ರಕ್ ಕೊಳ್ಳೋವಾಗ್ಲೇ ಫ್ಯಾಕ್ಟರಿ ಫಿಫ್ತ್ ವೀಲ್ ಪ್ರೆಪ್ ಇದ್ಯಾ ನೋಡಿ. ಡಬ್ಬದ ನೆಲದಲ್ಲಿ ದುಂಡಗೆ ತೂತುಗಳಿದ್ರೆ ಇದೆ ಅಂತ ಅರ್ಥ, ಹಿಚ್ಚನ್ನ ಅದಕ್ಕೇ ಕೂರಿಸಿ ಲಾಕ್ ಮಾಡಬಹುದು, ಬೇಡದಾಗ ತೆಗೆದಿಡಬಹುದು. ಜೊತೆಗೆ ಡಬ್ಬದ ಒಳಗೇ ಕ್ಯಾಂಪರ್ ಲೈಟು, ಬ್ರೇಕಿಗೆ ಕರೆಂಟ್ ಕೊಡೋ 7 ಪಿನ್ ಪ್ಲಗ್ಗು, ಡ್ಯಾಶ್‌ಬೋರ್ಡಲ್ಲಿ ಟ್ರೈಲರ್ ಬ್ರೇಕ್ ಕಂಟ್ರೋಲರ್ರು ಇರ್ಲಿ, ಆಮೇಲೆ ಹಾಕ್ಸೋದು ತಲೆನೋವು.

ಎತ್ತರ ಯಾರೂ ಅಳೆಯಲ್ಲ. ಈಗಿನ ಫೋರ್ ವೀಲ್ ಡ್ರೈವ್ ಟ್ರಕ್ಕುಗಳ ಡಬ್ಬದ ಗೋಡೆ ನನ್ನ ಗಲ್ಲದವರೆಗೆ ಬರುತ್ತೆ. ಆ ಗೋಡೆಗೂ ಕ್ಯಾಂಪರ್ ಹೊಟ್ಟೆಗೂ ಕಡೇ ಪಕ್ಷ ಆರು ಇಂಚು ಗ್ಯಾಪ್ ಬೇಕು, ಇಲ್ದಿದ್ರೆ ಪೆಟ್ರೋಲ್ ಬಂಕಿನ ಉಬ್ಬಲ್ಲಿ ಎರಡೂ ತಾಗುತ್ತೆ. ಗ್ಯಾಪ್ ಬರ್ಲಿ ಅಂತ ಹಿಚ್ ಎತ್ತರಿಸಿದ್ರೆ ಕ್ಯಾಂಪರ್ ಮೂಗು ಆಕಾಶ ನೋಡುತ್ತೆ, ಆಗ ಕ್ಯಾಂಪರಿನ ಹಿಂದಿನ ಆಕ್ಸಲ್‌ಗೆ ಜಾಸ್ತಿ ಭಾರ ಬಿದ್ದು ಟೈರ್ ಸಿಡಿಯುತ್ತೆ. ಟೇಪ್ ತಗೊಂಡು ಹೋಗಿ ಸಮತಟ್ಟು ನೆಲದಲ್ಲಿ ಎರಡನ್ನೂ ಅಳೀರಿ. ನಾಲ್ಕು ಇಂಚು ಲಿಫ್ಟ್ ಮಾಡ್ಸಿರೋ ಸೆಕೆಂಡ್ ಹ್ಯಾಂಡ್ ಟ್ರಕ್ಕು ಎಷ್ಟೇ ಚೆನ್ನಾಗಿದ್ರೂ ಬೇಡ.

ಹೆಜ್ಜೆ 7: ಸೀಟಲ್ಲಿ ಕೂತು ನೋಡಿ

ಎಲ್ರನ್ನೂ ಕರ್ಕೊಂಡು ಹೋಗಿ. ಹಿಂದಿನ ಸೀಟಿಗೂ ಪೂರ್ತಿ ಬಾಗಿಲಿರೋ ಕ್ರೂ ಕ್ಯಾಬ್ ಬಿಟ್ಟು ಬೇರೆ ಯೋಚ್ನೆ ಬೇಡ. ಕಾರ್ ಸೀಟು ಶೋರೂಮ್‌ಗೇ ತಗೊಂಡು ಹೋಗಿ ಹಾಕಿ ನೋಡಿ, ಎರಡು ಕಾರ್ ಸೀಟಿನ ಮಧ್ಯೆ ಅಮ್ಮ ಕೂರೋಕಾಗುತ್ತಾ, ಬೆಲ್ಟ್ ಕೈಗೆ ಸಿಗುತ್ತಾ ಅಂತ. ಮೆಟ್ಟಿಲು ಹತ್ತೋದು ನಮ್ಮಮ್ಮನಿಗೆ ದೊಡ್ಡ ಸಮಸ್ಯೆ ಆಯ್ತು, ಮಂಡಿನೋವು, ಸೀರೆ ಬೇರೆ. ಕೊನೆಗೆ ಕ್ಯಾಂಪರ್‌ನ ಪ್ಲಾಸ್ಟಿಕ್ ಸ್ಟೂಲೇ ಗತಿ ಆಯ್ತು, ಪ್ರತಿ ಸ್ಟಾಪಲ್ಲೂ ಅದನ್ನ ಇಳ್ಸೋದು ನನ್ನ ದೊಡ್ಡ ಮಗನ ಡ್ಯೂಟಿ. ರ‍್ಯಾಮ್‌ನ ಮೆಗಾ ಕ್ಯಾಬ್‌ನಲ್ಲಿ ಹಿಂದೆ ಮಲಗೋವಷ್ಟು ಜಾಗ, ಆದ್ರೆ ಅದಕ್ಕೆ ಸಣ್ಣ ಡಬ್ಬ ಮಾತ್ರ ಸಿಗೋದು, ಆಸೆ ಪಟ್ಟು ಬಿಟ್ವಿ.

ಹೆಜ್ಜೆ 8: ಸೆಕೆಂಡ್ ಹ್ಯಾಂಡ್ ನೋಡೋವಾಗ

ನಾವು ಎರಡನೇದು ತಗೊಂಡಿದ್ದು ಸೆಕೆಂಡ್ ಹ್ಯಾಂಡ್, ಹೊಸದ್ರ ರೇಟ್ ಕೇಳಿದ್ರೆ ಊರಲ್ಲಿ ಒಂದು ಸೈಟ್ ಬರುತ್ತೆ. ಮೊದ್ಲು ಕೇಳ್ಬೇಕಾಗಿದ್ದು ಹೊಗೆ ವ್ಯವಸ್ಥೆ ಕಿತ್ತು ಹಾಕಿದಾರಾ ಅಂತ. ಇಲ್ಲಿ ಅದಕ್ಕೆ "ಡಿಲೀಟ್" ಅಂತಾರೆ, ಜಾಸ್ತಿ ಪವರ್ ಬರುತ್ತೆ ಅಂತ ಮಾಡ್ಸಿರ್ತಾರೆ. ಅದು ಫೆಡರಲ್ ಕಾನೂನಿಗೆ ವಿರುದ್ಧ, ಅಧಿಕೃತ ಸರ್ವಿಸ್‌ನಲ್ಲಿ ಮುಟ್ಟಲ್ಲ ಅಂತಾರೆ, ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ರಿಜಿಸ್ಟರೇ ಆಗಲ್ಲ. ಎಷ್ಟೇ ಸೋವಿ ಇದ್ರೂ ಬೇಡ.

ಆಮೇಲೆ ಟೈರ್ ಪಕ್ಕೆಯಲ್ಲಿ ಡಾಟ್ ಕೋಡ್‌ನ ಕೊನೇ ನಾಲ್ಕು ಅಂಕಿ ನೋಡಿ, 2321 ಅಂತಿದ್ರೆ 2021ರ 23ನೇ ವಾರ ತಯಾರಾಗಿದ್ದು. ಗ್ರಿಪ್ ಹೊಸದರ ಥರ ಇದ್ರೂ ರಬ್ಬರ್ ಹಳೇದಾದ್ರೆ ಆರೂ ಬದಲಾಯ್ಸೋ ದುಡ್ಡನ್ನ ಬೆಲೇಲಿ ಕಳೀರಿ. ಮೈಲಿಗಿಂತ ಸರ್ವಿಸ್ ದಾಖಲೆ ನೋಡಿ. ಫೋರ್ಡ್, ಜಿಎಂ, ರ‍್ಯಾಮ್ ಮೂರೂ ತಮ್ಮ ಡೀಸೆಲ್ ಎಂಜಿನ್‌ಗೆ ಕಡೇ ಪಕ್ಷ 5 ವರ್ಷ ಇಲ್ಲಾ 1,00,000 ಮೈಲಿ ವಾರಂಟಿ ಕೊಡೋದ್ರಿಂದ ಅದು ಇನ್ನೂ ಒಂದಿಷ್ಟು ಉಳಿದಿರೋ ಟ್ರಕ್ ಸಿಕ್ರೆ ಒಳ್ಳೇದು. ನಮಗೆ ಟ್ರಕ್ ಕೆಟ್ಟು ಶೆಡ್‌ಗೆ ಹೋದ್ರೆ ಮನೆ ನಿಂತಲ್ಲೇ ನಿಲ್ಲುತ್ತೆ, ಸಣ್ಣ ಸಣ್ಣ ಊರಲ್ಲೂ ಸರ್ವಿಸ್ ಸಿಗೋ ಬ್ರ್ಯಾಂಡ್ ಆರ್ಸೋಕೆ ಇದೂ ಒಂದು ಕಾರಣ.

ಹೆಜ್ಜೆ 9: ಲೈಸೆನ್ಸು, ಅಡ್ರೆಸ್ಸು

ಸ್ವಂತಕ್ಕೆ ಓಡಿಸೋ ಕ್ಯಾಂಪರ್‌ಗೆ ಸಾಮಾನ್ಯವಾಗಿ ಲಾರಿ ಡ್ರೈವರ್ ಲೈಸೆನ್ಸ್ ಬೇಡ, ಆದ್ರೆ ಕೆಲವು ರಾಜ್ಯದಲ್ಲಿ ಮಾಮೂಲಿ ಲೈಸೆನ್ಸೂ ಸಾಕಾಗಲ್ಲ. ಕ್ಯಾಲಿಫೋರ್ನಿಯಾದಲ್ಲಿ 15,000 ದಾಟಿದ ಫಿಫ್ತ್ ವೀಲ್‌ಗೆ ನಾನ್ ಕಮರ್ಷಿಯಲ್ ಕ್ಲಾಸ್ ಎ ಬೇಕು. ಟೆಕ್ಸಸ್‌ನಲ್ಲಿ ಎರಡೂ ಸೇರಿ 26,000 ದಾಟಿ, ಎಳೆಯೋದು 10,000ಕ್ಕಿಂತ ಜಾಸ್ತಿ ಆದ್ರೆ ಕ್ಲಾಸ್ ಎ ಎಕ್ಸೆಂಪ್ಟ್ ಅನ್ನೋ ಲೈಸೆನ್ಸ್ ಬೇಕು. ಮನೆ ಇಲ್ಲದ ಫುಲ್‌ಟೈಮರ್‌ಗಳು ಅಡ್ರೆಸ್ ಮಾಡ್ಕೊಳ್ಳೋದು ಹೆಚ್ಚಾಗಿ ಟೆಕ್ಸಸ್, ಫ್ಲೋರಿಡಾ, ಸೌತ್ ಡಕೋಟಾದಲ್ಲಿ, ಹಾಗಾಗಿ ಟ್ರಕ್ ಕೊಳ್ಳೋಕೆ ಮೊದ್ಲೇ ಆ ರಾಜ್ಯದ ನಿಯಮ ಓದಿ.

ನಮ್ಮೋರಿಗೆ ಇನ್ನೊಂದು ಮಾತು. ಎಚ್-1ಬಿ ಮೇಲಿರೋರು ಇದಕ್ಕೆ ಇಳಿಯೋ ಮೊದ್ಲು ಲಾಯರ್ ಹತ್ರ ಮಾತಾಡಿ, ಆ ವೀಸಾ ಕೆಲ್ಸ ಮಾಡೋ ಜಾಗಕ್ಕೆ ಅಂಟ್ಕೊಂಡಿದೆ, ಇವತ್ತು ಯೂಟಾ ನಾಳೆ ಮೊಂಟಾನಾ ಅಂತ ಲ್ಯಾಪ್‌ಟಾಪ್ ತೆಗ್ಯೋಕಾಗಲ್ಲ. ಗ್ರೀನ್ ಕಾರ್ಡ್ ಇರೋರೂ ಅಡ್ರೆಸ್ ಬದಲಾದ 10 ದಿನದೊಳಗೆ ಎಆರ್-11 ಅನ್ನೋ ಅಡ್ರೆಸ್ ಬದಲಾವಣೆ ಫಾರಂ ಹಾಕ್ಬೇಕು.

ಹೆಜ್ಜೆ 10: ಕಾಟಾ ಹತ್ತಿಸಿ

ಲವ್ಸ್, ಪೈಲಟ್, ಫ್ಲೈಯಿಂಗ್ ಜೆ ಥರದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ದೊಡ್ಡ ಬೋರ್ಡ್ ಇರುತ್ತೆ. ಫೋನಲ್ಲೇ ಆ್ಯಪ್‌ನಿಂದ ದುಡ್ಡು ಕಟ್ಟಬಹುದು. ಕಾಟಾದಲ್ಲಿ ಬೇರೆ ಬೇರೆ ಹಲಗೆ ಇರುತ್ತೆ, ಟ್ರಕ್ಕಿನ ಮುಂದಿನ ಚಕ್ರ ಒಂದರ ಮೇಲೆ, ಹಿಂದಿನದು ಎರಡನೇದ್ರ ಮೇಲೆ, ಕ್ಯಾಂಪರ್ ಚಕ್ರ ಮೂರನೇದ್ರ ಮೇಲೆ ಬರೋ ಹಾಗೆ ನಿಲ್ಸಿ. ಎರಡು ಸಲ ತೂಗ್ಬೇಕು, ಒಂದ್ಸಲ ಎಲ್ಲಾ ಸಿಕ್ಕಿಸ್ಕೊಂಡು, ಇನ್ನೊಂದ್ಸಲ ಕ್ಯಾಂಪರ್ ಬಿಟ್ಟು ಬಂದು ಬರೀ ಟ್ರಕ್ಕು, ಎರಡೂ ಸಲ ಎಲ್ರೂ ಟ್ರಕ್ಕೊಳಗೇ ಕೂತಿರ್ಬೇಕು.

ನಮ್ಮ ಈಗಿನ ಡ್ಯುವಲಿ ಚೀಟಿ ಇಲ್ಲೇ ಇದೆ, ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಅಂಟ್ಸಿದೀನಿ. ಬರೀ ಟ್ರಕ್ಕು: ಮುಂದೆ 5,060, ಹಿಂದೆ 4,560, ಒಟ್ಟು 9,620. ಕ್ಯಾಂಪರ್ ಜೊತೆ: ಮುಂದೆ 5,040, ಹಿಂದೆ 7,930, ಕ್ಯಾಂಪರ್ ಚಕ್ರಗಳ ಮೇಲೆ 11,850. ಈಗ ಟ್ರಕ್ಕಿನದು 5,040 ಮತ್ತೆ 7,930 ಕೂಡಿದ್ರೆ 12,970, ಅದ್ರಲ್ಲಿ 9,620 ಕಳೆದ್ರೆ 3,350, ಇದೇ ಪಿನ್ ವೇಟ್. ಅದಕ್ಕೆ 11,850 ಸೇರ್ಸಿದ್ರೆ ಕ್ಯಾಂಪರ್ ನಿಜವಾದ ತೂಕ 15,200, ಪಿನ್ ಪಾಲು 22 ಪರ್ಸೆಂಟ್. ಟ್ರಕ್ಕಿನ ಜಿವಿಡಬ್ಲ್ಯುಆರ್ 14,000, ಇನ್ನೂ 1,030 ಉಳಿದಿದೆ. ಮುಂದಿನ ಚಕ್ರದ ಭಾರ ಬರೀ 20 ಪೌಂಡ್ ಕಮ್ಮಿ ಆಗಿದೆ ನೋಡಿ, ಸ್ಟೀರಿಂಗ್ ಗಟ್ಟಿಯಾಗಿರೋ ಗುಟ್ಟು ಅಲ್ಲಿದೆ. ಕೊನೆಗೆ ಹಿಂದಿನ ಆಕ್ಸಲ್ ನಂಬರನ್ನ ಡೋರ್ ಸ್ಟಿಕರಿನ ಜಿಎಡಬ್ಲ್ಯುಆರ್ (ಆ ಆಕ್ಸಲ್ ಹೊರಬಹುದಾದ ಗರಿಷ್ಠ ತೂಕ) ಜೊತೆ, ಎಲ್ಲಾ ಸೇರಿದ 24,820ನ್ನ ಟ್ರಕ್ಕಿನ ಜಿಸಿಡಬ್ಲ್ಯುಆರ್ (ಟ್ರಕ್ಕು, ಕ್ಯಾಂಪರ್ ಎರಡೂ ಸೇರಿ ಇರಬಹುದಾದ ಗರಿಷ್ಠ ತೂಕ) ಜೊತೆ ಹೋಲ್ಸಿ. ಯಾವ್ದಾದ್ರೂ ಒಂದು ದಾಟಿದ್ರೂ ದಾಟಿದ ಹಾಗೇ ಲೆಕ್ಕ.

ಟ್ರಕ್ ಇನ್ನೂ ಕೊಂಡಿಲ್ಲ, ಕ್ಯಾಂಪರ್ ಇದೆ ಅನ್ನೋರು ಸ್ನೇಹಿತರ ದೊಡ್ಡ ಟ್ರಕ್ಕಲ್ಲಿ ಒಂದ್ಸಲ ಎಳಿಸ್ಕೊಂಡು ಹೋಗಿ ತೂಗ್ಸಿ, ಆ ಚೀಟಿ ಇದ್ರೆ ಶೋರೂಮಲ್ಲಿ ಯಾರೂ ನಿಮ್ಗೆ ಕಥೆ ಹೇಳೋಕಾಗಲ್ಲ.

ಟ್ರಕ್ ಬಂದ ಮೊದಲನೇ ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಲಾಟ್‌ಗೆ ಹೋಗಿ ರಿವರ್ಸ್ ಕಲೀರಿ, ಓಡಿಸೋರಿಬ್ರೂ. ಹಿಂದೆ ನಿಂತು ಹೇಳೋರು ಒಬ್ರೇ ಇರ್ಬೇಕು, ಅವ್ರು ನಿಮ್ಮ ಕನ್ನಡೀಲಿ ಕಾಣ್ತಿರ್ಬೇಕು, ಮತ್ತೆ ಪದಗಳು ಮೊದ್ಲೇ ಮಾತಾಗಿರ್ಬೇಕು. ನಾವು "ಲೆಫ್ಟ್" ಅಂದ್ರೆ ಸ್ಟೀರಿಂಗ್ ಲೆಫ್ಟಾ ಕ್ಯಾಂಪರ್ ಲೆಫ್ಟಾ ಅಂತ ಜಗಳ ಆಡಿ ಆಡಿ ಕೊನೆಗೆ ಆ ಕೆಲ್ಸ ಅಮ್ಮನಿಗೆ ಕೊಟ್ವಿ. ಅವ್ರು ಕ್ಯಾಂಪರ್ ಪಕ್ಕೆ ಮೇಲೆ ಕೈಯಿಂದ ಎರಡು ಸಲ ಬಡಿದು "ರೈಟ್, ರೈಟ್" ಅಂದ್ರೆ ಬರಬಹುದು, "ಹೋಲ್ಡಾನ್" ಅಂದ್ರೆ ಅಲ್ಲೇ ನಿಲ್ಲಬೇಕು.